ಸಲಮಾಂಡರೂ ಸಂಬಳದ ಸಂಶೋಧನೆಯೂ

ನನ್ನ ಹಳೆಯ ಶಿಷ್ಯನೊಬ್ಬ ಕಳೆದ ತಿಂಗಳು ಮನೆಗೆ ಬಂದಿದ್ದ. ಈಗ ಅವನು ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. “ಸಾರ್, ಎಂ.ಟೆಕ್. ಮುಗಿಸಿದ ಮಗಳು ಹೊರದೇಶಕ್ಕೆ ಹೋಗಿ ರೋಬಾಟಿನ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಹಠ ಹಿಡಿದಿದ್ದಾಳೆ. ಊರಿನ ಎರಡೆಕರೆ ತೋಟ ಮಾರಿಬಿಡಲೇ ಎಂದು ಕೇಳಲು ಬಂದೆ” ಎಂದ. ಕನ್ನಡ ಎಂ.ಎ. ಮಾಡಿದವನನ್ನು ಕೇಳುವ ಪ್ರಶ್ನೆಯೇ ಇದು? ಆದರೂ ಹುಡುಗಿಯನ್ನು ಕರೆಸಿದೆ. ಅವಳು ತಂದ ಕಾಗದಪತ್ರಗಳನ್ನು ನಾಲ್ಕು ದಿನ ಅವಳೊಡನೆ ಕುಳಿತು ಓದಿದೆ. ಆಗ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಶಬ್ದದ ಮಾತು. ‘ಯಂತ್ರಮಾನವ’ ಎಂಬ ನಮ್ಮ ಪದ ಇಲ್ಲಿ ಸಲ್ಲದು. ಈ ಯಂತ್ರಗಳಲ್ಲಿ ಮಾನವನ ಸುಳಿವೇ ಇಲ್ಲ. ಒಂದು ಹಲ್ಲಿಯಂತೆ ಹರಿದರೆ ಇನ್ನೊಂದು ಜೇನ್ನೊಣದಂತೆ ಹಾರುತ್ತದೆ. ‘ರೋಬಾಟ್’ ಎಂಬ ಶಬ್ದವನ್ನು ಲೋಕಕ್ಕೆ ಕೊಟ್ಟದ್ದು ಕಾರೆಲ್ ಚಾಪೆಕ್ ಎಂಬ ಚೆಕ್ ಲೇಖಕನ ೧೯೨೦ರ ನಾಟಕ. ಅದರ ಮೂಲದಲ್ಲಿರುವ ಚೆಕ್ ಮಾತಿಗೆ ಬಿಟ್ಟಿ ಚಾಕರಿ ಎಂದು ಅರ್ಥ. ಹುಡುಗಿಗೆ ಇದನ್ನು ಹೇಳಿದಾಗ ನಕ್ಕಳು.

ಅವಳ ಮನಸ್ಸು ಸೆಳೆದದ್ದು ಸಲಮಾಂಡರ್ ಎಂಬ ಉಭಯಚರ ಜೀವಿ. ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ಬಳಗಕ್ಕೆ ಸೇರಿದ್ದು. ನಮ್ಮ ಕಡೆ ಇಲ್ಲ. ಡಾರ್ಜಿಲಿಂಗಿನ ಕಡೆ ಇದರ ನೆಂಟನೊಂದುಂಟು. ನೆಲದಲ್ಲಿ ಇದು ನಾಲ್ಕು ಕಾಲೂರಿ ಮೈಯನ್ನು ಅತ್ತಿತ್ತ ಬಳುಕಿಸುತ್ತ ನಡೆಯುತ್ತದೆ. ನೀರಿಗಿಳಿದೊಡನೆ ಕಾಲುಗಳನ್ನು ಹಿಂದಕ್ಕೆ ಮಡಿಚಿ, ತಲೆಯಿಂದ ಬಾಲದವರೆಗೆ ಅಲೆಯೊಂದು ಹರಿಯುವಂತೆ ಮೈ ಆಡಿಸಿ ಈಜುತ್ತದೆ. ಮಿದುಳಿನ ಕಾಂಡದ ಒಂದು ನೆಲೆಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟರೆ ಕಾಲುಗಳು ನಡೆಯತೊಡಗುತ್ತವೆ. ಅದೇ ಪ್ರಚೋದನೆಯನ್ನು ಏರಿಸುತ್ತ ಹೋದರೆ ನಡಿಗೆ ಚುರುಕಾಗಿ, ಒಂದು ಮಿತಿ ದಾಟಿದೊಡನೆ ಈಜಾಗಿ ಮಾರ್ಪಡುತ್ತದೆ. ಅಪ್ಪಣೆ ಒಂದೇ, ಬಲ ಮಾತ್ರ ಬೇರೆ. ಇದು ಹೇಗೆ ಸಾಧ್ಯ?

ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಲಯದ ಔಕೆ ಐಸ್ಪೀರ್ಟ್ ಮತ್ತು ಸಂಗಡಿಗರು ಒಂದು ಊಹೆ ಮಾಡಿದರು. ಬೆನ್ನುಹುರಿಯಲ್ಲಿ ಲಯವನ್ನು ತಾನೇ ಹುಟ್ಟಿಸುವ ನರಜಾಲಗಳಿವೆ. ಮೈಯ ಜಾಲಗಳು ಚುರುಕು, ಕಾಲಿನ ಜಾಲಗಳು ನಿಧಾನ. ಪ್ರಚೋದನೆ ಮಿತಿಮೀರಿದಾಗ ಕಾಲಿನ ಜಾಲಗಳು ತಡೆಯಲಾರದೆ ಸುಮ್ಮನಾಗುತ್ತವೆ. ಮೈಯ ಅಲೆಯಷ್ಟೇ ಉಳಿಯುತ್ತದೆ, ಅದೇ ಈಜು. ಈ ಊಹೆಯನ್ನು ಗಣಿತದಲ್ಲಿ ಬರೆದು, ಕಾಲುಳ್ಳ ಯಂತ್ರವೊಂದರಲ್ಲಿ ತುಂಬಿದರು. ಯಂತ್ರ ನೆಲದಲ್ಲಿ ನಡೆಯಿತು, ನೀರಲ್ಲಿ ಈಜಿತು. ೨೦೦೭ರಲ್ಲಿ ‘ಸೈನ್ಸ್’ ಪತ್ರಿಕೆ ಇದನ್ನು ಪ್ರಕಟಿಸಿತು. ಇಲ್ಲಿ ಯಂತ್ರ ಆಟಿಕೆಯಲ್ಲ, ಊಹೆಯನ್ನು ಒರೆಗೆ ಹಚ್ಚುವ ಕಲ್ಲು. ನರಗಳ ವ್ಯಾಪಾರವನ್ನು ಹೀಗೆ ಲೆಕ್ಕದಲ್ಲಿ ಹಿಡಿಯುವ ಶಾಸ್ತ್ರವನ್ನು ಗಣನಾತ್ಮಕ ನರವಿಜ್ಞಾನ ಎನ್ನುತ್ತಾರೆ.

ಇಂಥ ದಾರಿಯಲ್ಲಿ ನಮ್ಮ ಬೆಂಗಳೂರಿನಲ್ಲಿ ಓದಿದವರೊಬ್ಬರು ಬಹಳ ಹಿಂದೆಯೇ ನಡೆದಿದ್ದಾರೆ. ಮಂಡ್ಯಂ ಶ್ರೀನಿವಾಸನ್ ಅವರು ಬೆಂಗಳೂರು ವಿಶ್ವವಿದ್ಯಾನಿಲಯದಲ್ಲೂ ಭಾರತೀಯ ವಿಜ್ಞಾನ ಮಂದಿರದಲ್ಲೂ ಎಂಜಿನಿಯರಿಂಗ್ ಕಲಿತು, ಅಮೆರಿಕದ ಯೇಲ್‌ನಲ್ಲಿ ಡಾಕ್ಟರೇಟ್ ಪಡೆದು, ಆಸ್ಟ್ರೇಲಿಯಾದಲ್ಲಿ ಜೇನ್ನೊಣಗಳ ಬೆನ್ನು ಹತ್ತಿದರು. ಇಕ್ಕೆಲದ ಗೋಡೆಗಳಲ್ಲಿ ಪಟ್ಟೆಗಳಿರುವ ಓಣಿಯಲ್ಲಿ ಜೇನ್ನೊಣ ಸರಿಯಾಗಿ ನಡುವೆ ಹಾರುತ್ತದೆ. ಎರಡು ಕಣ್ಣುಗಳಲ್ಲೂ ದೃಶ್ಯ ಒಂದೇ ವೇಗದಲ್ಲಿ ಹಿಂದೆ ಸರಿಯುವಂತೆ ನೋಡಿಕೊಳ್ಳುವುದೇ ಅದರ ಗುಟ್ಟು. ಒಂದು ಗೋಡೆಯನ್ನು ನೊಣ ಹಾರುವ ದಿಕ್ಕಿನಲ್ಲೇ ಸರಿಸಿದರೆ ಆ ಬದಿಯ ದೃಶ್ಯ ನಿಧಾನವಾಗಿ, ನೊಣ ಗೋಡೆ ದೂರವಿದೆಯೆಂದು ಬಗೆದು ಅತ್ತ ವಾಲುತ್ತದೆ. ಈ ಸರಳ ಉಪಾಯವನ್ನೇ ಹಾರುವ ಯಂತ್ರಗಳಿಗೂ ಕಲಿಸಿದ್ದಾರೆ.

ಇನ್ನು ತೋಟದ ಮಾತು. ನನ್ನ ಶಿಷ್ಯ ಪಿಎಚ್.ಡಿ.ಯನ್ನು ಹಣ ಕಟ್ಟಿ ಕಲಿಯುವ ಇನ್ನೊಂದು ತರಗತಿಯೆಂದು ತಿಳಿದಿದ್ದ. ಸ್ವಿಟ್ಜರ್‌ಲೆಂಡ್, ಜರ್ಮನಿ, ಹಾಲೆಂಡುಗಳಲ್ಲಿ ಇಂಥ ಸಂಶೋಧಕ ಸಾಮಾನ್ಯವಾಗಿ ಒಪ್ಪಂದಕ್ಕೆ ರುಜು ಹಾಕಿದ ನೌಕರ. ಮೂರು ನಾಲ್ಕು ವರ್ಷ ತಿಂಗಳ ಸಂಬಳ ಉಂಟು. ಅಲ್ಲಿ ಸ್ನಾತಕೋತ್ತರ ಪದವಿ ಕೇಳುವುದೇ ಹೆಚ್ಚು. ಅಮೆರಿಕದಲ್ಲಿ ಐದು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿದರೂ, ಪಾಠಕ್ಕೋ ಪ್ರಯೋಗಾಲಯಕ್ಕೋ ನೆರವಾಗುವ ವಿದ್ಯಾರ್ಥಿಗೆ ಶುಲ್ಕ ಮಾಫಿ ಮಾಡಿ ಜೀವನವೇತನ ಕೊಡುವುದು ರೂಢಿ. ಬ್ರಿಟನ್ನಿನಲ್ಲೂ ವೇತನಗಳಿವೆ, ಆದರೆ ಹೊರದೇಶದವರಿಗೆ ಸ್ಥಾನಗಳು ಮಿತ. ಐರೋಪ್ಯ ಒಕ್ಕೂಟದ ಮಾರಿ ಕ್ಯೂರಿ ಹೆಸರಿನ ಯೋಜನೆಯಲ್ಲಿ ಒಂದು ವಿಚಿತ್ರ ನಿಯಮ: ನೇಮಕಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಆ ದೇಶದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ವಾಸಿಸಿದವರು ಅರ್ಹರಲ್ಲ. ಊರು ಬಿಟ್ಟು ಕದಲದ ನಮ್ಮ ಹುಡುಗಿಗೆ ಅದು ಅನುಕೂಲವೇ.

ದೂರ ಹೋಗಲೇಬೇಕೆಂದೂ ಇಲ್ಲ. ವಿಜ್ಞಾನ ಮಂದಿರದಲ್ಲಿ ೨೦೦೯ರಿಂದ ನರವಿಜ್ಞಾನದ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರ್ಕಾರದ ಕಿರಿಯ ಸಂಶೋಧಕ ವೇತನ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿಗೆ ಏರಿತು. ಹಿರಿಯ ಸಂಶೋಧಕರದು ೪೨,೦೦೦. ನಮ್ಮ ಕಾಲದಲ್ಲಿ ಎಷ್ಟೋ ಮಂದಿ ಹಗಲು ಪಾಠ ಹೇಳಿ, ರಾತ್ರಿ ತಾಳೆಗರಿ ಓದಿ ಪ್ರಬಂಧ ಬರೆದರು; ಬರೆಯಲಾಗದೆ ಬಿಟ್ಟವರೂ ಉಂಟು. ಅದನ್ನು ನೆನೆದು ಕೊಂಚ ಅಸೂಯೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಎಚ್ಚರ ಬೇಕಾದ ಸ್ಥಳವೊಂದಿದೆ. ಪ್ರವೇಶ ದೊರೆತಿದೆ ಎಂಬ ಪತ್ರಕ್ಕೂ ವೇತನ ದೊರೆತಿದೆ ಎಂಬ ಪತ್ರಕ್ಕೂ ಅಜಗಜಾಂತರ. ಹುಡುಗಿ ತಂದಿದ್ದ ಕಾಗದಗಳಲ್ಲಿ ಒಂದು ಮೊದಲ ಬಗೆಯದು: ಹಾರ್ದಿಕ ಸ್ವಾಗತ ಕೋರಿ, ಕೊನೆಯ ಪುಟದಲ್ಲಿ ವಾರ್ಷಿಕ ಶುಲ್ಕವನ್ನು ಸಣ್ಣಕ್ಷರದಲ್ಲಿ ಅಚ್ಚು ಹಾಕಿದ್ದರು. ತಂದೆ ತೋಟ ಮಾರಲು ಹೊರಟದ್ದು ಇದೇ ಪತ್ರ ನೋಡಿ. ಅದನ್ನು ಬದಿಗಿಡಿ ಎಂದೆ.

ಅವಳಿಗೆ ಹೇಳಿದ್ದು ಇಷ್ಟೇ: ಪ್ರಾಧ್ಯಾಪಕರಿಗೆ ಬರೆಯುವ ಮುನ್ನ ಅವರ ಎರಡು ಲೇಖನಗಳನ್ನಾದರೂ ಪೂರ್ತಿ ಓದು, ಹೊಗಳಬೇಡ, ನಿನಗೆ ಎಲ್ಲಿ ಸಂಶಯ ಬಂತು ಅದನ್ನು ಬರೆ. ಮೂವರಿಗೆ ಬರೆದಳು. ಒಬ್ಬರಿಂದ ಉತ್ತರವಿಲ್ಲ. ಇನ್ನೊಬ್ಬರು ಈ ವರ್ಷ ಸ್ಥಾನವಿಲ್ಲವೆಂದರು. ಮೂರನೆಯವರು ಅವಳ ಸಂಶಯಕ್ಕೆ ಒಂದೂವರೆ ಪುಟ ಉತ್ತರ ಬರೆದು, ಮುಂದಿನ ವಾರ ಮಾತಾಡೋಣ ಎಂದಿದ್ದಾರೆ. ಶಿಷ್ಯ ಸದ್ಯಕ್ಕೆ ತೋಟಕ್ಕೆ ಗೊಬ್ಬರ ಹಾಕಿಸುತ್ತಿದ್ದಾನೆ.