ಸರಾಸರಿ ನಂಬಿ ಕಣಕ್ಕಿಳಿಯಬೇಡಿ

ಹಳಿಯಾಳದ ಕುಸ್ತಿ ಕಣದಲ್ಲಿ ಬೆಳಗಿನ ತಾಲೀಮು ಮುಗಿಸಿ, ಮೈಗಂಟಿದ ಕೆಂಪು ಮಣ್ಣು ಉದುರಿಸಿಕೊಳ್ಳುವ ಮಕ್ಕಳ ಬಾಯಲ್ಲೂ ಈಗ ಐಪಿಎಲ್ ಹರಾಜಿನದೇ ಮಾತು. ರಿಷಭ್ ಪಂತ್‌ಗೆ 27 ಕೋಟಿ! ಆಟವನ್ನೇ ಅನ್ನದ ದಾರಿ ಮಾಡಿಕೊಳ್ಳಲು ಹೊರಟ ಮಗುವಿಗೆ ಈ ಒಂದು ಅಂಕಿ ಸಾಕು, ಕನಸು ಗರಿಗೆದರುತ್ತದೆ. ಆದರೆ ಒಂದೇ ಅಂಕಿ ಹಿಡಿದು ಬದುಕಿನ ಲೆಕ್ಕ ಹಾಕಬಾರದು.

ನಮ್ಮದೇ ಆರ್‌ಸಿಬಿಯನ್ನು ನೋಡೋಣ. 2025ರಲ್ಲಿ ಕಪ್ ಗೆದ್ದ ತಂಡದಲ್ಲಿ ಹರಾಜು ಮುಗಿದಾಗ 22 ಆಟಗಾರರಿದ್ದರು. ಒಟ್ಟು ಸಂಬಳ 119.25 ಕೋಟಿ. ಭಾಗಿಸಿದರೆ ತಲಾ 5.42 ಕೋಟಿ. ಇದು ಸರಾಸರಿ. ಈಗ 22 ಮೊತ್ತಗಳನ್ನೂ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆದು, ಎರಡೂ ತುದಿಯಿಂದ ಒಂದೊಂದನ್ನೇ ಹೊಡೆದುಹಾಕುತ್ತಾ ಬನ್ನಿ. ನಡುವೆ ಉಳಿಯುವುದು ಎರಡು: ಟಿಮ್ ಡೇವಿಡ್ ಅವರ 3 ಕೋಟಿ, ಅದರ ಕೆಳಗಿನ 2.60 ಕೋಟಿ. ಇವೆರಡರ ನಡುವಿನ 2.80 ಕೋಟಿಯೇ ಮಧ್ಯಾಂಕ, ಸರಾಸರಿಯ ಅರ್ಧದಷ್ಟು ಮಾತ್ರ! ಪಟ್ಟಿಯಲ್ಲಿ ಅತಿ ಹೆಚ್ಚು ಸಲ ಬರುವ ಮೊತ್ತ, ಅಂದರೆ ಬಹುಲಕ, 30 ಲಕ್ಷ. ನಾಲ್ವರಿಗೆ ಅಷ್ಟೇ. ಅವರಲ್ಲಿ ಒಬ್ಬರು ನಮ್ಮ ರಾಯಚೂರಿನ ಮನೋಜ್ ಭಾಂಡಗೆ.

ಸರಾಸರಿಯನ್ನು ಮೇಲಕ್ಕೆ ಎಳೆದವರು ಯಾರು? ಕೊಹ್ಲಿಯವರ 21 ಕೋಟಿ ಸೇರಿ ಮೇಲಿನ ಆರು ಮಂದಿಗೇ 77.75 ಕೋಟಿ, ಒಟ್ಟು ಹಣದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು. ಕೆಳಗಿನ ಹನ್ನೊಂದು ಮಂದಿಗೆ ಸೇರಿ 13 ಕೋಟಿ. ಕೊಹ್ಲಿಯೊಬ್ಬರನ್ನು ಪಟ್ಟಿಯಿಂದ ತೆಗೆದರೆ ಸರಾಸರಿ 74 ಲಕ್ಷ ಇಳಿಯುತ್ತದೆ, ಮಧ್ಯಾಂಕ ಇಳಿಯುವುದು 20 ಲಕ್ಷ. ಹಾಗಾಗಿ ಸಂಬಳದ ಮಾತು ಬಂದಾಗ ನಾನು ಮಧ್ಯಾಂಕವನ್ನೇ ನಂಬುತ್ತೇನೆ.

ಇಷ್ಟೂ ಆಯ್ಕೆಯಾದವರ ಲೆಕ್ಕ. ಆಗದವರು? 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿಗೆ ಹೆಸರು ಕೊಟ್ಟವರು ಸಾವಿರದ ಐನೂರಕ್ಕೂ ಹೆಚ್ಚು. ಅಂತಿಮ ಪಟ್ಟಿಯಲ್ಲಿ 577, ಬಿಕರಿಯಾದವರು 182. ಪಟ್ಟಿ ಸೇರಿದವರಲ್ಲೇ ಅವಕಾಶ ಸಿಕ್ಕಿದ್ದು ನೂರಕ್ಕೆ ಮೂವತ್ತೆರಡು ಮಂದಿಗೆ, ಹೆಸರು ಕೊಟ್ಟವರನ್ನೆಲ್ಲ ಎಣಿಸಿದರೆ ನೂರಕ್ಕೆ ಹನ್ನೆರಡೂ ಇಲ್ಲ. ಸಂಭವನೀಯತೆಯಲ್ಲಿ ಛೇದ, ಅಂದರೆ ಭಾಗಿಸುವ ಒಟ್ಟು ಸಂಖ್ಯೆ, ಯಾವುದು ಎಂಬುದೇ ಮುಖ್ಯ.

ಮತ್ತೆ ಸಂಬಳಕ್ಕೆ ಬಂದರೆ, ಕಬಡ್ಡಿಯಲ್ಲಿ ಮೇಲಿನವರಿಗೂ ಕೆಳಗಿನವರಿಗೂ ಅಂತರ ಇಷ್ಟಿಲ್ಲ. 2024ರ ಪ್ರೊ ಕಬಡ್ಡಿ ಹರಾಜಿನಲ್ಲಿ ಸಚಿನ್ ತನ್ವರ್‌ಗೆ 2.15 ಕೋಟಿ, ಕೊನೆಯ ವರ್ಗದ ಮೂಲ ಬೆಲೆ 9 ಲಕ್ಷ. ಹತ್ತಿರ ಹತ್ತಿರ ಇಪ್ಪತ್ತನಾಲ್ಕು ಪಟ್ಟು. ಆರ್‌ಸಿಬಿಯಲ್ಲಿ ಅದು ಎಪ್ಪತ್ತು ಪಟ್ಟು.

ಛೇದ ಮರೆತರೆ ಏನಾಗುತ್ತದೆಂಬುದನ್ನು ನಮ್ಮ ಕಾಡಿನ ಊರುಗಳು ಕಂಡಿವೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಡಿ ಇಲ್ಲಿನ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ತರಬೇತಿಗೆ ಕರೆದೊಯ್ದಿತು. ಕೆಲವರು ಪದಕ ತಂದರು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿಯೂ ಸಿಕ್ಕಿತು. 1993ರಲ್ಲಿ ಯೋಜನೆಯೇ ನಿಂತಿತು. ಗೆದ್ದವರ ಫೋಟೊ ಪತ್ರಿಕೆಗೆ ಬಂತು. ಓದೂ ಅರ್ಧ, ಆಟವೂ ಅರ್ಧವಾಗಿ ಊರಿಗೆ ಮರಳಿದವರ ಸುದ್ದಿ ಯಾರು ಬರೆದರು? "ಸಿದ್ದಿಗಳೆಂದರೆ ಹುಟ್ಟು ಓಟಗಾರರು" ಎಂದು ಇವತ್ತಿಗೂ ಹೇಳುವವರು ಗೆದ್ದವರನ್ನಷ್ಟೇ ಎಣಿಸುತ್ತಾರೆ. ಬೆವರು ಸುರಿಸಿದವರೆಲ್ಲರೂ ಲೆಕ್ಕಕ್ಕೆ ಬರಬೇಕು.

ಮಕ್ಕಳು ಆಡಲಿ, ಕ್ರೀಡಾ ವಸತಿ ನಿಲಯಕ್ಕೂ ಹೋಗಲಿ. ಆದರೆ ಸೇರಿಸುವ ಮುನ್ನ ತಂದೆತಾಯಿ ಕೇಳಬೇಕು: ಇಲ್ಲಿ ಸೇರಿದವರೆಷ್ಟು, ದಾರಿ ಕಂಡವರೆಷ್ಟು, ಉಳಿದವರ ಓದು ಏನಾಯಿತು? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಗಣಿತ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಎಸ್ಸೆಸ್ಸೆಲ್ಸಿಯ ಸಂಖ್ಯಾಶಾಸ್ತ್ರದ ಪಾಠಕ್ಕೆ ಬಂದಾಗ ಈ 22 ಸಂಬಳಗಳನ್ನು ಹಲಗೆಯ ಮೇಲೆ ಬರೆಯಿರಿ, ಮಧ್ಯಾಂಕವನ್ನು ಮಕ್ಕಳೇ ಹುಡುಕಲಿ.