ಅಜ್ಜಿಯ ಹೆಬ್ಬೆರಳು ಯಾಕೆ ವಾಲಿತು?

ಅಜ್ಜಿಯ ಕಾಲು ಒತ್ತುವ ಮಕ್ಕಳು ಇದನ್ನು ನೋಡಿರುತ್ತೀರಿ. ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲಿರುತ್ತದೆ. ಅದರ ಬುಡದಲ್ಲಿ ಅಡಿಕೆಯಷ್ಟು ದೊಡ್ಡ ಗಂಟು. ಡಾಕ್ಟರು ಇದಕ್ಕೆ ಬನಿಯನ್ ಅನ್ನುತ್ತಾರೆ. (ಅಜ್ಜ ಅಂಗಿಯೊಳಗೆ ಹಾಕುವ ಬನಿಯನ್‌ಗೂ ಇದಕ್ಕೂ ಸಂಬಂಧವಿಲ್ಲ!)

ಅಲ್ಲಿ ಹೊಸ ಎಲುಬು ಬೆಳೆದಿದೆ ಎಂದು ಬಹಳ ಮಂದಿ ತಿಳಿಯುತ್ತಾರೆ. ಹಾಗಲ್ಲ. ಹೆಬ್ಬೆರಳಿನ ಹಿಂದೆ, ಪಾದದೊಳಗೆ, ಒಂದು ಉದ್ದನೆಯ ಎಲುಬಿದೆ. ವರ್ಷ ಕಳೆದಂತೆ ಅದು ಇನ್ನೊಂದು ಪಾದದ ಕಡೆ ಸರಿಯುತ್ತದೆ. ಬೆರಳು ಅದಕ್ಕೆ ಎದುರು ದಿಕ್ಕಿಗೆ ವಾಲುತ್ತದೆ. ಮಡಚಿದ ಮೊಣಕೈಯಂತೆ ನಡುವಿನ ಕೀಲು ಹೊರಗೆ ಚಾಚುತ್ತದೆ. ಪಾದರಕ್ಷೆ ಅಲ್ಲಿ ಉಜ್ಜಿ ಉಜ್ಜಿ ಬಾವು ಬರುತ್ತದೆ, ನೋಯುತ್ತದೆ. ಎಣ್ಣೆ ತಿಕ್ಕಿದರೆ ಹಿತವೆನಿಸಬಹುದು, ಆದರೆ ಕರಗಲು ಅದು ಬೆಲ್ಲವಲ್ಲ, ಎಲುಬು.

ಶಿರಹಟ್ಟಿ, ಮುಂಡರಗಿ ಕಡೆಯ ಹೊಲಗಳಲ್ಲಿ ಬರಿಗಾಲಲ್ಲೇ ದುಡಿದವರಿಗೂ ಇದು ಬರಬಹುದು. ಪಾದದ ಆಕಾರ, ಕೀಲಿನ ಸಡಿಲತನ ವಂಶದಲ್ಲಿ ಇಳಿದುಬರುತ್ತವೆ. ಸಂಧಿವಾತವೂ ಕಾರಣವಾಗುತ್ತದೆ. ಆದರೆ ಇಕ್ಕಟ್ಟಾದ ಶೂ ಇದನ್ನು ಬಹಳ ಹೆಚ್ಚಿಸುತ್ತದೆ. ಹಾಂಗ್‌ಕಾಂಗ್‌ನಲ್ಲಿ ನಡೆದು 1958ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೂ ಹಾಕುವವರಲ್ಲಿ ನೂರಕ್ಕೆ 33 ಮಂದಿಯ ಹೆಬ್ಬೆರಳು ವಾಲಿತ್ತು. ಬರಿಗಾಲಿನವರಲ್ಲಿ 2 ಮಂದಿಗೂ ಕಡಿಮೆ.

ನಮ್ಮ ಮಣಿಪಾಲದ ವೈದ್ಯರು 2,300 ಮಕ್ಕಳ ಹೆಜ್ಜೆಗುರುತು ಪರೀಕ್ಷಿಸಿ 1992ರಲ್ಲಿ ವರದಿ ಪ್ರಕಟಿಸಿದರು. ಅವರು ನೋಡಿದ್ದು ಬನಿಯನ್ ಅಲ್ಲ, ಚಪ್ಪಟೆ ಪಾದ. ಅದೂ ಪಾದರಕ್ಷೆ ತೊಡುವ ಮಕ್ಕಳಲ್ಲೇ ಹೆಚ್ಚು: ನೂರಕ್ಕೆ 8.6, ಬರಿಗಾಲಿನ ಮಕ್ಕಳಲ್ಲಿ 2.8. ಹಾಗೆಂದು ಮುಳ್ಳು, ಗಾಜು ಬಿದ್ದಿರುವ ಹಾದಿಯಲ್ಲಿ ಬರಿಗಾಲಲ್ಲಿ ಓಡಬೇಡಿ!

ಶಾಲೆಯ ಶೂ ಸರಿಯಿದೆಯೇ? ಸಂಜೆ, ಪಾದ ತುಸು ಹಿಗ್ಗಿರುವಾಗ, ಕಾಗದದ ಮೇಲೆ ನಿಂತು ಸುತ್ತಲೂ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಅದರ ಮೇಲೆ ಶೂ ಇಡಿ. ಗೆರೆ ಹೊರಗೆ ಕಂಡರೆ ಶೂ ಇಕ್ಕಟ್ಟು. ಅಕ್ಕನ ಕಾಲಿಗೆ ಸರಿಹೊಂದಿದ್ದು ತಂಗಿಗೂ ಸರಿಹೊಂದಬೇಕೆಂದಿಲ್ಲ.

ಅಜ್ಜ-ಅಜ್ಜಿಯರಿಗೆ ಬೆರಳ ಕಡೆ ಅಗಲವಾದ, ಮೆತ್ತನೆಯ, ಹಿಮ್ಮಡಿ ಎತ್ತರವಿಲ್ಲದ ಚಪ್ಪಲಿ ಒಳ್ಳೆಯದು. ಒಂದೇ ರಾತ್ರಿಯಲ್ಲಿ ಕೀಲು ಕೆಂಪಾಗಿ, ಬಿಸಿಯಾಗಿ, ಹೊದಿಕೆ ತಾಗಿದರೂ ನೋಯುವಂತಾದರೆ ಅದು ಬನಿಯನ್ ಆಗಿರಲಾರದು. ಯೂರಿಕ್ ಆಮ್ಲದ ವಾತವಿರಬಹುದು, ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರು ಗಂಟಿನ ಮೇಲಿನ ಸಣ್ಣ ಗಾಯವನ್ನೂ ಅಲಕ್ಷಿಸಬಾರದು. ನಡೆಯುವುದೇ ಕಷ್ಟವಾದರೆ ಎಲುಬನ್ನು ನೇರ ಮಾಡುವ ಶಸ್ತ್ರಚಿಕಿತ್ಸೆ ಇದೆ. ನೋಯದ ಗಂಟಿಗೆ, ಬರೀ ಅಂದಕ್ಕಾಗಿ, ಅದು ಬೇಡ.