‘ಮೂಲದಲ್ಲಿ ಓದುವುದು’: ಒಂದು ಪದವಿಚಾರ

ಗ್ರಂಥವೊಂದನ್ನು ಅದು ರಚಿತವಾದ ಭಾಷೆಯಲ್ಲಿಯೇ ಓದಿದುದನ್ನು ಹೇಳಲು ಆಂಗ್ಲಭಾಷೆಯಲ್ಲಿ ‘ಇನ್ ದಿ ಒರಿಜಿನಲ್’ ಎಂಬ ಪ್ರಯೋಗವಿದೆ. ‘ಒರಿಜಿನಲ್’ ಎಂಬುದು ಇಲ್ಲಿ ವಿಶೇಷಣವಾಗಿರದೆ, ಹಿಂದಿನ ‘ದಿ’ಕಾರದ ಬಲದಿಂದ ನಾಮಪದವಾಗಿ ನಿಂತು ಮೂಲಪಾಠವನ್ನು ಸೂಚಿಸುತ್ತದೆ. ‘ಒರಿಜಿನಲ್ ಪುಸ್ತಕ ಓದಿದೆ’ ಎಂದರೆ ಈ ಅರ್ಥ ಬಾರದು. ಪೇಟೆಯ ಮಾತಿನಲ್ಲಿ ಒರಿಜಿನಲ್ ಎಂದರೆ ನಕಲಿಯಲ್ಲದ್ದು. ಅನುವಾದವಾದರೋ ನಕಲಿ ಸರಕಲ್ಲ.

ಈ ಪ್ರಯೋಗವನ್ನು ಕನ್ನಡಕ್ಕೆ ತರುವಾಗ ಪದಕ್ರಮದಲ್ಲಿ ಎಚ್ಚರ ಬೇಕು. ಮೂಡಿಗೆರೆಯ ಪರಿಸರದಲ್ಲಿ ಮೂಡಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇಂಗ್ಲಿಷಿಗೂ ಅನುವಾದಗೊಂಡಿದೆ. ಅದನ್ನು ಕನ್ನಡದಲ್ಲಿಯೇ ಓದಿದವರು ‘ಮೂಲ ಕನ್ನಡದಲ್ಲಿ ಓದಿದೆ’ ಎಂದರೆ ಅರ್ಥ ಕೆಡುತ್ತದೆ. ‘ಮೂಲದ್ರಾವಿಡ’ದಂತೆ ‘ಮೂಲ ಕನ್ನಡ’ವೂ ಭಾಷೆಯ ಆದಿರೂಪವೆಂದು ತೋರೀತು. ‘ಕನ್ನಡ ಮೂಲದಲ್ಲಿ ಓದಿದೆ’ ಎಂಬುದೇ ಸಾಧು. ಬರಿಯ ‘ಮೂಲದಲ್ಲಿ’ ಎಂಬುದಕ್ಕೆ ‘ಮೊದಲಿಗೆ’ ಎಂಬ ಅರ್ಥವೂ ಇರುವುದರಿಂದ, ‘ಮೂಲದಲ್ಲಿಯೇ’ ಎಂದು ಅವಧಾರಣೆ ಸೇರಿಸಿದರೆ ಸಂಶಯ ಉಳಿಯದು.

ಇದಕ್ಕೆ ಪ್ರತಿಯಾದ ಆಂಗ್ಲಪ್ರಯೋಗ ‘ಇನ್ ಟ್ರಾನ್ಸ್‌ಲೇಷನ್’, ಕನ್ನಡದಲ್ಲಿ ‘ಅನುವಾದದಲ್ಲಿ’. ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ತೇಜಸ್ವಿಯವರೇ ಭಾವಾನುವಾದ ಮಾಡಿದ್ದಾರೆ. ಆ ಕಥೆಗಳನ್ನು ಮಲೆನಾಡಿನ ಹುಡುಗನೊಬ್ಬನು ಕನ್ನಡದಲ್ಲಿ ಓದಿದರೆ, ಓದಿದ್ದು ತಾಯ್ನುಡಿಯಾದರೂ ಮೂಲವಲ್ಲ. ಮೂಲವೆಂಬುದು ಓದುಗನ ಭಾಷೆಯಲ್ಲ, ಕೃತಿಯ ಭಾಷೆ.

ಈ ವಿವೇಚನೆ ವ್ಯಾಕರಣಮಾತ್ರದ್ದಲ್ಲ. ಎ. ಕೆ. ರಾಮಾನುಜನ್ನರ ‘ಸ್ಪೀಕಿಂಗ್ ಆಫ್ ಶಿವ’ (1973) ಬಸವಣ್ಣ, ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮರ ವಚನಗಳನ್ನು ಇಂಗ್ಲಿಷಿನ ಓದುಗರಿಗೆ ಮುಟ್ಟಿಸಿದ ಗ್ರಂಥ. ಅಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತವು ಅರ್ಥಾನುಸಾರವಾಗಿ, ನದಿಗಳು ಕೂಡುವೆಡೆಯ ಒಡೆಯನೆಂಬಂತೆ ಬಂದಿದೆ. ಕನ್ನಡವರಿಯದವನಿಗೆ ಹೆಸರಿನ ಅರ್ಥ ದೊರೆಯಿತು. ಆದರೆ ಕೃಷ್ಣಾ ಮಲಪ್ರಭೆಯರು ಕೂಡುವ ಊರಿನ ಹೆಸರೂ, ಆ ಕರೆಯ ನಾದವೂ ಹಿಂದುಳಿದವು. ಅದು ಅನುವಾದಕರ ದೋಷವಲ್ಲ, ಅನುವಾದದ ಸಹಜಸ್ಥಿತಿ.

ಚಿಕ್ಕಮಗಳೂರು, ಕಳಸ, ಮೂಡಿಗೆರೆಗಳ ಎಷ್ಟೋ ಮನೆಗಳ ಮಕ್ಕಳು ಇಂದು ದೂರದ ನಗರಗಳಲ್ಲಿ, ಹೊರದೇಶಗಳಲ್ಲಿ ಬೆಳೆಯುತ್ತಿದ್ದಾರೆ. ಅವರಲ್ಲಿ ಕೆಲವರಿಗೆ ವಚನದ ಮೊದಲ ಪರಿಚಯ ಇಂಗ್ಲಿಷಿನಲ್ಲಾದರೆ ನಾಚಬೇಕಾದುದಿಲ್ಲ. ‘ಅನುವಾದದಲ್ಲಿ ಓದಿದ್ದೇನೆ’ ಎಂಬುದು ಪ್ರಾಮಾಣಿಕವಾದ ಮಾತು. ಆದರೆ ಕನ್ನಡ ಮೂಲವು ಅವರಿಗೆ ಹೊರಗಿನ ವಸ್ತುವಲ್ಲ. ಅಜ್ಜಿಯ ನಾಲಗೆಯ ಮೇಲಿರುವ ನುಡಿ. ರಜೆಗೆ ಬಂದ ಮೊಮ್ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು ಹಿರಿಯರು ಒಂದೇ ಒಂದು ವಚನವನ್ನು ಓದಿಸಿದರೂ, ಆ ಮಗು ‘ಮೂಲದಲ್ಲಿಯೇ ಓದಿದೆ’ ಎಂದು ಹೇಳಬಲ್ಲದು.